ಎಡಗಾಲು

ಅಪ್ಪ ಅದನ್ನು ಕೆತ್ತಿದ್ದು ದಾಲ್ಚಿನ್ನಿ ಮರದಲ್ಲಿ,
ತೊಗಟೆ ಸುಲಿದು ಮಾರಿದ ಮೇಲೆ ಉಳಿಯುತ್ತದಲ್ಲ,
ಯಾರಿಗೂ ಬೇಡದ ಬೋಳು ಮರ, ಅದರಲ್ಲಿ.
ನಮ್ಮ ಕೆರಿಂಚಿ ಕಣಿವೆಯಲ್ಲಿ ಒಲೆಗೂ ಅದೇ ಸೌದೆ,
ಬಡವರ ಹೊಗೆಗೂ ಸಿಹಿ ವಾಸನೆ.

ಗೇಣುದ್ದದ ಪಾದ. ಹಿಮ್ಮಡಿ ಸಣ್ಣದು.
ಹೆಬ್ಬೆರಳು ಮುನಿಸಿಕೊಂಡವರ ಹಾಗೆ
ಮಿಕ್ಕವಕ್ಕೆ ಬೆನ್ನು ಕೊಟ್ಟು ನಿಂತಿತ್ತು.
ಎರಡು ರಾತ್ರಿಯ ಕೆಲಸ, ಸೀಮೆಎಣ್ಣೆ ದೀಪದಲ್ಲಿ.
ಅಮ್ಮ ಏನೂ ಅನ್ನಲಿಲ್ಲ,
ಬಡಿಸುವಾಗ ಸೌಟು ಮಾತ್ರ ತಟ್ಟೆಗೆ ಜೋರಾಗಿ ತಾಗಿತು.

ಕಡಲಾಚೆಯವರು ಬಂದಿದ್ದರು, ಐದು ಜನ,
ಹನ್ನೆರಡು ಕ್ಯಾಮೆರಾ, ಒಂದು ಮೂಟೆ ಪ್ಲಾಸ್ಟರ್ ಪುಡಿ.
ನನಗೆ ಹದಿನಾಲ್ಕು. ಅವರ ಡೇರೆಗೆ ಅಡಿಗೆಯವಳು.
ಮೂರು ವಾರ ಕಾಡು ಅವರಿಗೆ ಕೊಟ್ಟದ್ದು ಜಿಗಣೆ.
ಕ್ಯಾಮೆರಾಕ್ಕೆ ಸಿಕ್ಕದ್ದು ಒಂದು ಮುಳ್ಳುಹಂದಿ,
ಬೇಕಾದಷ್ಟು ಮಳೆ,
ಒಮ್ಮೆ, ನೀರಿಗೆ ಹೋಗುತ್ತಿದ್ದ ನನ್ನ ತಲೆವಸ್ತ್ರದ ತುದಿ.
ಅವರಲ್ಲಿ ಹಿರಿಯ, ಗಡ್ಡದವನು,
ಬೆಂಕಿ ಮುಂದೆ ಮಗುವಿನ ಹಾಗೆ ಕೇಳುತ್ತಿದ್ದ:
ನೀವು ಕಂಡಿದ್ದೀರಾ? ನಿಮ್ಮಲ್ಲಿ ಯಾರಾದರೂ?

ಕಾಣದವರನ್ನು ಎಣಿಸುವುದೇ ನಮ್ಮಲ್ಲಿ ಸುಲಭ.
ಸೋದರತ್ತೆ ಲಸ್ಮಿನಾ ಕಂಡದ್ದು ಆಲೂಗೆಡ್ಡೆ ಹೊಲದ ಅಂಚಿನಲ್ಲಿ:
ಸೊಂಟದೆತ್ತರ, ಅಗಲ ಎದೆ,
ಬೆನ್ನ ತುಂಬ ಹಳೆ ಜೇನಿನ ಬಣ್ಣದ ಕೂದಲು,
ಕೊಳೆತ ದಿಮ್ಮಿ ಮಗುಚಿ ಏನೋ ಹೆಕ್ಕುತ್ತಿತ್ತು.
ಅವಳನ್ನು ನೋಡಿ ಎದ್ದಿತು. ಓಡಲಿಲ್ಲ.
ಮನೆಯಲ್ಲಿ ಏನೋ ಮರೆತುಬಂದವರ ಹಾಗೆ
ಎರಡು ಕಾಲಿನ ಮೇಲೆ ನಡೆದು ಹೋಯಿತು.

ಉಹಾಂಗ್ ಪಂಡಾಕ್ ಅನ್ನುತ್ತೇವೆ, ಗಿಡ್ಡ ಮನುಷ್ಯ.
ಹುಲಿಯ ಹೆಸರು ಕಾಡಲ್ಲಿ ಎತ್ತುವುದಿಲ್ಲ, ಅಜ್ಜ ಎನ್ನುತ್ತೇವೆ.
ಇವನಿಗೆ ಅಷ್ಟು ಮರ್ಯಾದೆಯೂ ಇಲ್ಲ, ಅಷ್ಟು ಭಯವೂ ಇಲ್ಲ,
ಮರದ ಬುಡಕ್ಕೆ ಚಿಟಿಕೆ ಹೊಗೆಸೊಪ್ಪು ಇಟ್ಟರಾಯಿತು.
ಅವನ ಪಾದ ಹಿಂದುಮುಂದು ಎನ್ನುವವರಿದ್ದಾರೆ,
ಬೆನ್ನಟ್ಟಿದವನು
ಅವನು ಹೊರಟ ಕಡೆಗೇ ಹೋಗಿ ಮುಟ್ಟುತ್ತಾನಂತೆ.

ಇದನ್ನೆಲ್ಲ ಬರೆದುಕೊಂಡರು.
ಮಾತು ಸಾಲದು, ಅಚ್ಚು ಬೇಕು ಎಂದರು.
ಆ ತಿಂಗಳು ತೊಗಟೆಯ ದರ ನೆಲಕಚ್ಚಿತ್ತು,
ನಮ್ಮ ಮಾಡಿಗೆ ತಗಡು ಇರಲಿಲ್ಲ.

ಹೊಳೆದಂಡೆಯ ಕೆಸರಲ್ಲಿ ಒತ್ತಿದ, ಒಂದೇ ಒಂದು, ಎಡಗಾಲು.
ಬಲಗಾಲು ಕಲ್ಲಿನ ಮೇಲೆ ಬಿದ್ದಿರಬೇಕು,
ಗಡ್ಡದವನೇ ಹೇಳಿದ್ದು. ಅಪ್ಪ ತಲೆಯಾಡಿಸಿದ, ಅಷ್ಟೇ.
ಅಚ್ಚು ಎತ್ತುವಾಗ ಮುದುಕನ ಕೈ ನಡುಗಿತು,
ಅತ್ತ, ನಿಜವಾಗಿ ಅತ್ತ.
ಅಪ್ಪ ಅತ್ತ ತಿರುಗಿ ಲವಂಗದ ಸಿಗರೇಟು ಹಚ್ಚಿದ.

ಅವರು ಹೋದರು. ತಗಡು ಬಂತು.
ಮೊದಲ ಮಳೆಗೆ ಎಷ್ಟು ಸದ್ದೆಂದರೆ
ಮನೆಯೊಳಗೆ ಯಾರೂ
ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ.

ಮರದ ಪಾದವನ್ನು ಹೊಳೆಗೆ ಬಿಡಲು ಹೋದೆವು, ನಾನೂ ಅಪ್ಪನೂ.
ಅಚ್ಚು ತೆಗೆದ ಗುಳಿಯಲ್ಲಿ ನೀರು ನಿಂತಿತ್ತು.
ಅದರ ಮುಂದೆ, ಒಂದು ಹೆಜ್ಜೆಯಳತೆಗೆ,
ಬಲಗಾಲು.

ಹೊಸದು. ಅಂಚು ಇನ್ನೂ ಕುಸಿದಿರಲಿಲ್ಲ.
ಬೆರಳ ಸಂದಿಯಿಂದ ಕೆಸರು ಉಕ್ಕಿ ನಿಂತ ರೀತಿ
ಅಪ್ಪನ ಉಳಿಗೆ ಗೊತ್ತಿಲ್ಲದ ಕೆಲಸ.
ಹೆಬ್ಬೆರಳು ಅವನು ಕೆತ್ತಿದಷ್ಟು ದೂರವಿರಲಿಲ್ಲ,
ತಪ್ಪು ಲೆಕ್ಕದ ಪಕ್ಕ
ಮಾಸ್ತರರು ಸರಿಯಾದದ್ದು ಬರೆದ ಹಾಗೆ.

ನಾನು ಒಂದೇ ಕೆತ್ತಿದ್ದು, ಎಂದ ಅಪ್ಪ.
ನನಗಲ್ಲ. ಆಚೆ ಕಾಡುಶುಂಠಿಯ ಹಿಂಡಲಿಗೆ.
ಗಿಡ ಅಲ್ಲಾಡಿದವು. ಗಾಳಿ ಇತ್ತು.
ಇತ್ತೆಂದೇ ನನ್ನ ನೆನಪು.
ಪಾದವನ್ನು ನೀರಿಗೆ ಬಿಡದೆ ಅಲ್ಲೇ ಇಟ್ಟ,
ಅದರ ಮೇಲೆ ಜೇಬಿನಲ್ಲಿದ್ದ ಸಿಗರೇಟು, ಮೂರೂ.

ಮರುವರ್ಷ ಕಾಗದ ಬಂತು, ನಮ್ಮ ಭಾಷೆಯಲ್ಲೇ, ತಡವರಿಸುತ್ತ:
ಪ್ರಿಯ ಜಾಲಿನುಸ್, ಇಲ್ಲಿನ ಪಂಡಿತರು ನಂಬುತ್ತಿಲ್ಲ.
ಇನ್ನೊಂದು ಗುರುತು ಕಂಡರೆ ತಿಳಿಸಿ,
ಬಲಗಾಲಿನದಾದರೆ ಒಳ್ಳೆಯದು.

ಎರಡು ಸಲ ಓದಿಸಿದ.
ಉತ್ತರ ಬರಿ ಎಂದ. ಪೆನ್ನು ಹಿಡಿದು ಕೂತೆ.
ದೀಪಕ್ಕೆ ಹುಳ ಬಂದವು, ಅಮ್ಮ ಬಾಗಿಲು ಹಾಕಿದಳು.
ತೊಗಟೆಯ ದರ ಏರಿದೆ ಅಂತ ಬರಿ, ಎಂದ.